ಗ್ಲೇಜ್ ಇಲ್ಲದೆ ಹೊಳೆಯುವ ಕಪ್ಪು ಹೂದಾನಿ: ನನ್ನ ಅನುಭವ

ಗ್ಲೇಜ್ ಅನ್ನುವ ಗಾಜಿನಂಥ ಲೇಪ ಹಚ್ಚದೆ, ಎರಡನೇ ಸಲ ಸುಡುವ ಗೂಡಿಗೆ, ಅಂದರೆ ಕಿಲ್ನ್‌ಗೆ ಹಾಕದೆ, ಮಿರಮಿರ ಹೊಳೆಯುವ ಕಪ್ಪು ಹೂದಾನಿ ಮಾಡುತ್ತೇನೆ ಅಂದಾಗ ಮಣ್ಣಿನ ಕೆಲಸದ ಗೆಳೆಯರು ಯಾರೂ ಒಪ್ಪಲಿಲ್ಲ. ಬರೀ ಮಣ್ಣಿನ ಹೊಳಪು ಬೆಂಕಿ ತಾಗಿದ ಮೇಲೆ ಉಳಿಯೋದಿಲ್ಲ ಅಂದರು ಒಬ್ಬರು. ಹೊಗೆಗೆ ಇಟ್ಟರೆ ಅರ್ಧ ಒಡೆಯುತ್ತೆ, ಉಳಿದರ್ಧ ಕೈಗೆ ಮಸಿ ಬಿಡುತ್ತೆ ಅಂದರು ಇನ್ನೊಬ್ಬರು. ಈಗ ನನ್ನ ಹೂದಾನಿಯ ಹೊಟ್ಟೆಯಲ್ಲಿ ಎದುರಿನ ಕಿಟಕಿಯ ಸರಳು ಎಣಿಸಬಹುದು. ಬಿಳಿ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಮಸಿ ಬರುವುದಿಲ್ಲ.

ಇದು ಹೊಸ ವಿದ್ಯೆಯೇನಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮರಿಯಾ ಮಾರ್ಟಿನೆಜ್ ಮತ್ತು ಅವರ ಗಂಡ ಜೂಲಿಯನ್ 1918-19ರ ಸುಮಾರಿಗೇ ಕಪ್ಪಿನ ಮೇಲೆ ಕಪ್ಪು ಚಿತ್ತಾರದ ಮಡಕೆ ಮಾಡಿದ್ದರು. ಕಲ್ಲಿನಿಂದ ಉಜ್ಜುವುದು, ಉರಿಯುವ ಬೆಂಕಿಯ ಮೇಲೆ ಒಣ ಲದ್ದಿಯ ಪುಡಿ ಸುರಿದು ಉಸಿರು ಕಟ್ಟಿಸುವುದು, ಇಷ್ಟೇ ಅವರ ದಾರಿ. ನಮ್ಮ ದೇಶದಲ್ಲೇ ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ನಿಜಾಮಾಬಾದಿನ ಕಪ್ಪು ಮಡಕೆಗಳಿವೆ. ಅದರ ಮೇಲೆ ಕೊರೆದ ಗೆರೆಗಳಲ್ಲಿ ಬೆಳ್ಳಿ ಬಣ್ಣ ತುಂಬುತ್ತಾರೆ. 2015ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಹಾಗಾಗಿ ಆಗುತ್ತೋ ಇಲ್ವೋ ಅನ್ನುವ ಅನುಮಾನ ನನಗಿರಲಿಲ್ಲ. ಮನೆಯ ಹಿಂದಿನ ಒಂದು ಹಳೇ ಡ್ರಮ್ಮಿನಲ್ಲಿ, ಲುಕ್ಸಾನಾಗದ ಹಾಗೆ ಮಾಡೋದು ಹೇಗೆ ಅನ್ನುವುದೇ ನನ್ನ ತಲೆನೋವಾಗಿತ್ತು.

ಕಲ್ಲಿನಿಂದ ಉಜ್ಜಿದರೆ ಹೊಳಪು ಬರುತ್ತೆ. ಆದರೆ ಒಂದು ಮಧ್ಯಮ ಹೂದಾನಿಗೆ ಅರ್ಧ ದಿನ ಹೋಗುತ್ತೆ, ಗೆರೆಯೂ ಉಳಿಯುತ್ತೆ. ಅದನ್ನು ಬಿಟ್ಟು ಟೆರಾ ಸಿಜಿಲಾಟ, ಅಂದರೆ ಅತಿ ನುಣ್ಣನೆಯ ಮಣ್ಣಿನ ತೆಳು ಲೇಪ ಹಿಡಿದೆ. ನನ್ನ ಅಳತೆ ಹೆಚ್ಚುಕಮ್ಮಿ ಹೀಗೆ: 1.5 ಕಿಲೋ ಒಣ ಕೆಂಪು ಮಣ್ಣು, 3.5 ಲೀಟರ್ ನೀರು, ಮಣ್ಣಿನ ಕಣ ಬಿಡಿಸಲು 7-8 ಗ್ರಾಂ ಸೋಡಿಯಂ ಸಿಲಿಕೇಟ್. ಚೆನ್ನಾಗಿ ಕದಡಿ ಒಂದು ರಾತ್ರಿ ಪೂರ್ತಿ ಅಲುಗಾಡಿಸದೆ ಬಿಡಬೇಕು. ಮೇಲೆ ನೀರು, ಅಡಿಯಲ್ಲಿ ಗಟ್ಟಿ ಕೆಸರು, ನಡುವೆ ನಮಗೆ ಬೇಕಾದದ್ದು. ಬಕೆಟ್ ಬಗ್ಗಿಸಿದರೆ ಎಲ್ಲ ಕಲಸಿಹೋಗುತ್ತೆ. ಸಣ್ಣ ಪೈಪಿನಲ್ಲಿ ನಡುವಿನ ಪದರವನ್ನಷ್ಟೇ ಇಳಿಸಿಕೊಳ್ಳಿ.

ನನಗೆ ಅತಿ ಹೆಚ್ಚು ನಷ್ಟ ಮಾಡಿದ್ದು ಇದರ ದಪ್ಪ. ಮೊದಮೊದಲು ಸುಟ್ಟ ಮೇಲೆ ಹೂದಾನಿಯ ಭುಜದ ಹತ್ತಿರ ಉಗುರಿನಷ್ಟಗಲದ ಹಪ್ಪಳೆ ಏಳುತ್ತಿತ್ತು. ಮಣ್ಣನ್ನು ಬೈದೆ, ಕಿಲ್ನ್ ಅನ್ನು ಬೈದೆ. ಒಂದು ಬ್ಯಾಚ್ ಪೂರ್ತಿ ಹಾಳಾಯಿತು. ಕೊನೆಗೆ ತೂಕ ಹಾಕಿ ನೋಡಿದರೆ 100 ಮಿಲಿ ಸಿಜಿಲಾಟ 125 ಗ್ರಾಂ ತೂಗುತ್ತಿತ್ತು. 115ರ ಆಸುಪಾಸಿಗೆ ತಂದ ಮೇಲೆ ಹಪ್ಪಳೆ ನಿಂತಿತು. ಸಿಜಿಲಾಟ ನೀರು ಬೆರೆಸಿದ ಹಾಲಿನಷ್ಟು ತೆಳ್ಳಗಿರಬೇಕು. ದಪ್ಪಗೆ ಒಂದೇ ಸಲ ಬಳಿಯುವ ಬದಲು ತೆಳ್ಳಗೆ 3-4 ಸಲ ಬಳಿಯುವುದೇ ಸರಿ.

ಪೂರ್ತಿ ಒಣಗಿದ ಹೂದಾನಿಗೆ ಮೆತ್ತನೆ ಬ್ರಷ್‌ನಲ್ಲಿ ಬಳಿಯುತ್ತೇನೆ. ಬಳಿದ ಕೂಡಲೇ ಮೈ ಒದ್ದೆಯಾಗಿ ಮಿಂಚುತ್ತೆ. ಕಣ್ಣೆದುರೇ ಆ ಮಿಂಚು ಒಂದು ಅಂಚಿನಿಂದ ಹಿಂದೆ ಸರಿಯುತ್ತೆ, ಮಣ್ಣು ಮಂಕಾಗುತ್ತೆ. ಮಂಕಾದ ಜಾಗಕ್ಕೆ ತಕ್ಷಣ ಹೆಬ್ಬೆರಳು ಹೋಗಬೇಕು. ಬೆರಳಿಗೆ ತೆಳು ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಸುತ್ತಿಕೊಂಡು ಸಣ್ಣ ಸುತ್ತುಗಳಲ್ಲಿ ಉಜ್ಜುತ್ತೇನೆ. ಮೊದಲು ಕವರ್ ಸ್ವಲ್ಪ ಎಳೆಯುತ್ತೆ. ನಾಲ್ಕೈದು ಸುತ್ತಿಗೆ ಜಾರತೊಡಗುತ್ತೆ, ಸದ್ದೂ ಬದಲಾಗುತ್ತೆ. ಆ ಸದ್ದು ಬಂತು ಅಂದ್ರೆ ಮುಂದಿನ ಜಾಗಕ್ಕೆ ಹೋಗಬಹುದು. ಅದಕ್ಕೂ ಮೊದಲು ಉಜ್ಜಿದರೆ ಕಿತ್ತು ಬರುತ್ತೆ, ತಡವಾದರೆ ಹೊಳಪು ಏಳೋದೇ ಇಲ್ಲ. ಇಡೀ ಹೂದಾನಿಗೆ ಒಮ್ಮೆಲೇ ಬಳಿಯಬೇಡಿ. ಅಂಗೈಯಗಲ ಬಳಿ, ಉಜ್ಜು, ಮುಂದೆ ಹೋಗು. ಕೊನೆಯ ಪದರಕ್ಕೆ ನಾನು ನೀರಿನ ಜೊತೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸುಡುವುದು ಒಂದೇ ಸಲ, 880 ಡಿಗ್ರಿಯ ಸುತ್ತಮುತ್ತ. 1000 ಮುಟ್ಟಿಸಿದರೆ ಹೊಳಪು ಮಂಕಾಗುತ್ತೆ. ಗೆಳೆಯರು ಅನುಮಾನಪಟ್ಟಿದ್ದಕ್ಕೆ ಕಾರಣ ಇದೇ. ಅವರೆಲ್ಲ ಗ್ಲೇಜ್‌ಗೆ ಮುಂಚಿನ ಮೊದಲ ಸುಡುವಿಕೆಯಾದ ಬಿಸ್ಕ್‌ನ ಅಭ್ಯಾಸದಲ್ಲಿ 1000ಕ್ಕೇ ಹೋಗುತ್ತಿದ್ದರು. ನೂರು ಡಿಗ್ರಿಗಿಂತ ಸ್ವಲ್ಪ ಕೆಳಗೆ ಕೆಲವು ಗಂಟೆ ನಿಲ್ಲಿಸಿ. 573ರ ಹತ್ತಿರ ಏರುವಾಗಲೂ ಇಳಿಯುವಾಗಲೂ ಆತುರ ಬೇಡ.

ಇನ್ನು ಕಪ್ಪು ಬಣ್ಣ ಕೊಡುವ ಹೊಗೆ. ಡ್ರಮ್ಮಿನ ಮೈಗೆ ಪೆನ್ಸಿಲ್ ದಪ್ಪದ ತೂತುಗಳು, ಗೇಣಿಗೊಂದರಂತೆ. ಅಡಿಯಲ್ಲಿ ನಾಲ್ಕು ಬೆರಳು ಮರದ ಪುಡಿ, ಅದರ ಮೇಲೆ ಸುಟ್ಟ ಹೂದಾನಿ, ಒಳಗೂ ಹೊರಗೂ ಪುಡಿ. ಡ್ರಮ್ಮಿನ ತಗಡಿಗೆ ಹೂದಾನಿ ತಾಗಬಾರದು. ಮೇಲೆ ಕಾಗದ ಇಟ್ಟು ಬೆಂಕಿ ಹಚ್ಚಿ, ಪುಡಿಗೆ ಕೆಂಡ ಹಿಡಿದ ಮೇಲೆ ಬೆರಳು ಸಂದಿ ಬಿಟ್ಟು ಮುಚ್ಚಳ. ಜ್ವಾಲೆ ಏಳಲೇಬಾರದು. ಒಂದು ರಾತ್ರಿ ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೊಳಗೇ ಉರಿಯಬೇಕು. ದಪ್ಪ ಹೊಟ್ಟು ಹಾಕಿದಾಗ ಜ್ವಾಲೆ ಎದ್ದು ಬಣ್ಣ ಬೂದಿಯಾಯಿತು. ಹಸಿ ಪುಡಿಯಲ್ಲಿ ಕಲೆ ಬಿತ್ತು. ನುಣ್ಣನೆಯ ಒಣ ಪುಡಿಯಲ್ಲಿ ಗಾಢ ಕಪ್ಪು ಬಂತು. ಪ್ಲೈವುಡ್ ಪುಡಿ ಮಾತ್ರ ಬೇಡ, ಅದರ ಅಂಟಿನ ಹೊಗೆ ಒಳ್ಳೆಯದಲ್ಲ. ಬಯಲಲ್ಲೇ ಮಾಡಿ, ಮಾಸ್ಕ್ ಹಾಕಿ.

ಒಡೆಯುವುದರ ಬಗ್ಗೆ ಗೆಳೆಯರು ಹೇಳಿದ್ದು ಶುರುವಿನಲ್ಲಿ ನಿಜವೇ ಆಗಿತ್ತು. ಹತ್ತರಲ್ಲಿ ನಾಲ್ಕು ಬಿರುಕು ಬಿಡುತ್ತಿದ್ದವು. ಗಾಳಿ ಜೋರಾದ ರಾತ್ರಿ ಡ್ರಮ್ಮಿನೊಳಗಿಂದ ಟಣ್ ಟಣ್ ಅಂತ ಕೇಳಿಸುತ್ತಿತ್ತು. ಎರಡು ಬದಲಾವಣೆ ಮಾಡಿದೆ. ಮಣ್ಣಿಗೆ ನುಣ್ಣಗೆ ಜರಡಿ ಹಿಡಿದ ಗ್ರಾಗ್ (ಸುಟ್ಟ ಮಣ್ಣಿನ ಪುಡಿ) ನೂರಕ್ಕೆ ಹತ್ತರಷ್ಟು ಸೇರಿಸಿದೆ. ಅದರ ಒರಟುತನ ಸಿಜಿಲಾಟದ ಕೆಳಗೆ ಮುಚ್ಚಿಹೋಗುತ್ತೆ. ಗಾಳಿಯ ಕಡೆಯ ತೂತುಗಳನ್ನು ಮಣ್ಣು ಮೆತ್ತಿ ಮುಚ್ಚಿದೆ. ಈಗ ಹತ್ತರಲ್ಲಿ ಒಂದು ಹೋದರೆ ಜಾಸ್ತಿ.

ಕಪ್ಪು ಸರಿಯಾಗಿ ಹತ್ತದ ತುಂಡನ್ನು ಎಸೆಯಬೇಡಿ. 700ಕ್ಕೆ ಇನ್ನೊಮ್ಮೆ ಸುಟ್ಟರೆ ಇಂಗಾಲ ಉರಿದುಹೋಗಿ ಕೆಂಪು ಮೈ ವಾಪಸ್ ಬರುತ್ತೆ, ಹೊಳಪು ಹಾಗೇ ಇರುತ್ತೆ. ಮತ್ತೆ ಹೊಗೆಗೆ ಇಡಬಹುದು. ಗ್ಲೇಜ್ ಹಾಳಾದ ಹೂದಾನಿಗೆ ಇಷ್ಟು ಸುಲಭದ ದಾರಿ ಇಲ್ಲ, ಅಲ್ವಾ?

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಮೊದಲು ಒಂದು ಹೂದಾನಿಯ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧ ಗ್ಲೇಜ್ ಸಾಮಾನು ಮತ್ತು ಎರಡನೇ ಸುಡುವಿಕೆಗೆ ಹೋಗುತ್ತಿತ್ತು. ಈಗ ಆ ಜಾಗದಲ್ಲಿ ಮರದ ಪುಡಿ ಮತ್ತು ಕೊನೆಗೆ ಹೂದಾನಿಗೆ ಹಚ್ಚುವ ಮೇಣ, ಎರಡೂ ಸೇರಿ ಹತ್ತನೇ ಒಂದು ಪಾಲೂ ಇಲ್ಲ. ಉಜ್ಜುವ ಕೂಲಿ ಮಾತ್ರ ಹೆಚ್ಚಾಗಿದೆ, ಅದನ್ನು ಮರೆತು ಬೆಲೆ ಹಾಕಬೇಡಿ. ಅದೇ ಅಳತೆಯ ಗ್ಲೇಜ್ ಹೂದಾನಿಗಿಂತ ಒಂದೂವರೆ ಪಟ್ಟು ಬೆಲೆಗೆ ನನ್ನದು ಹೋಗುತ್ತಿದೆ.

ಒಂದು ನಷ್ಟ ಮಾತ್ರ ತಡವಾಗಿ ತಲೆ ಎತ್ತಿತು. ಮಾರಿದ ಕೆಲವು ಹೂದಾನಿಗಳ ಮೈಯಿಂದ ವಾರಗಳ ನಂತರ ಚಿಕ್ಕ ಚಿಕ್ಕ ಚಕ್ಕೆ ಹಾರಿದವು. ಗುಂಡಿಯ ನಡುವೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಅದು ಮಣ್ಣಿನಲ್ಲಿದ್ದ ಸುಣ್ಣದ ಹರಳು. ಸುಟ್ಟ ಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತೆ. ದುಡ್ಡು ವಾಪಸ್ ಕೊಟ್ಟೆ. ಈಗ ಮಣ್ಣನ್ನು ತೆಳ್ಳಗೆ ಕಲಸಿ 80 ಮೆಷ್ ಜರಡಿಯಲ್ಲಿ ಸೋಸದೆ ತಿಗರಿಗೆ ಹಾಕುವುದಿಲ್ಲ.

ನಡುವೆ ಬೇರೆ ಆಟಗಳನ್ನೂ ಆಡಿದೆ. ತಾಮ್ರದ ತಂತಿ ಸುತ್ತಿ ಹೊಗೆಗೆ ಇಟ್ಟರೆ ಗೆರೆ ಬಂತು, ಕೆಂಪು ಬರಲಿಲ್ಲ. ಡ್ರಮ್ಮಿನ ಬಿಸಿ ಅದಕ್ಕೆ ಸಾಲದು. ಬಾಳೆಹಣ್ಣಿನ ಸಿಪ್ಪೆ ಅಂಟಿಸಿ ನೋಡಿದೆ, ನೆರಳಿನಂಥ ಕಲೆ ಬಂತು, ಎರಡು ಸಲ ಒಂದೇ ಥರ ಬರಲಿಲ್ಲ. ಚೆನ್ನಾಗಿ ಫಲಿಸಿದ್ದು ಮಣ್ಣಿನ ಲೇಪ. ಸುಟ್ಟ ಹೂದಾನಿಯ ಮೇಲೆ ಒರಟು ಮಣ್ಣಿನ ದಪ್ಪ ಲೇಪದಲ್ಲಿ ಎಲೆ, ಬಳ್ಳಿ ಬರೆದು ಹೊಗೆಗೆ ಇಡುತ್ತೇನೆ. ಆಮೇಲೆ ತೊಳೆದರೆ ಲೇಪ ಉದುರಿ, ಕಪ್ಪಿನ ನಡುವೆ ಕೆಂಪು ಬಳ್ಳಿ ಉಳಿಯುತ್ತೆ. ಆ ಲೇಪ ಹೊಗೆಯಲ್ಲಿ ಮುಂಚೆಯೇ ಉದುರದಂತೆ ಮಾಡುವುದು ಇನ್ನೊಂದು ಗುಟ್ಟು. ನೀವೇ ಹುಡುಕಿಕೊಳ್ಳಿ, ಕಷ್ಟವಿಲ್ಲ.

ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ: ಇದು ಅಲಂಕಾರಕ್ಕೆ ಮಾತ್ರ. ನೀರು ನಿಲ್ಲುವುದಿಲ್ಲ, ಮೇಣ ಹಚ್ಚಿದರೂ ಒಸರುತ್ತೆ. ತಾಜಾ ಹೂ ಬೇಕೆಂದವರಿಗೆ ಒಳಗೆ ಕೂರುವ ಗಾಜಿನ ಕೊಳವೆ ಕೊಡುತ್ತೇನೆ. ಹೂದಾನಿಯ ಬಾಯಿಯನ್ನು ಆ ಕೊಳವೆಯ ಅಳತೆಗೇ ಎತ್ತುತ್ತೇನೆ.

ಗೋಡೆಗೆ ತೂಗುಹಾಕುವ ಅಗಲ ತಟ್ಟೆಗಳು ಮಾತ್ರ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಮಲಗಿಸಿ ಇಟ್ಟರೆ ನಡುವೆ ಸೀಳುತ್ತವೆ. ಅಂಚಿನ ಮೇಲೆ ನಿಲ್ಲಿಸಿ, ಎರಡೂ ಕಡೆ ಪುಡಿ ಒತ್ತಿ ತುಂಬಿದರೆ ಒಂದೂವರೆ ಗೇಣಿನ ತಟ್ಟೆ ಉಳಿಯುತ್ತಿದೆ. ಎರಡು ಗೇಣಿಗೆ ಡ್ರಮ್ ಸಾಲದು, ಇಟ್ಟಿಗೆಯ ಗೂಡು ಕಟ್ಟುತ್ತಿದ್ದೇನೆ.