ಕೆರೆಯ ಕೆಸರು ತುಂಬಿದ ನಾಲ್ಕು ಬಾಟಲಿಗಳು

"ಬ್ಯಾಕ್ಟೀರಿಯಾ ಏನು ತಿನ್ನುತ್ತವೆ?" ಎಂದು ಎಂಟನೆಯ ತರಗತಿಯಲ್ಲಿ ಕೇಳಿದಾಗ ಒಬ್ಬ ಹುಡುಗಿ ತಟ್ಟನೆ "ನಮ್ಮನ್ನು, ಸಾರ್" ಎಂದಳು. ಕಾಲರಾ, ಟೈಫಾಯಿಡ್, ಕ್ಷಯ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಸುತ್ತಾ ಬಂದ ನಾನೇ ಅವಳಿಗೆ ಆ ಉತ್ತರವನ್ನು ಕಲಿಸಿದ್ದೆ. ಪಾಠದಲ್ಲಿ ಮೊಸರಿನ ಮಾತೂ ಬರುತ್ತದೆ, ಆದರೆ ಅದೂ ನಮ್ಮ ಊಟದ ತಟ್ಟೆಗೇ ಬಂದು ನಿಲ್ಲುತ್ತದೆ. ಮನುಷ್ಯನ ಗೊಡವೆಯೇ ಇಲ್ಲದೆ ಈ ಜೀವಿಗಳು ಹೇಗೆ ಬಾಳುತ್ತವೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡಬೇಕು ಎಂದು ಅಂದೇ ನಿಶ್ಚಯಿಸಿದೆ.

ಅದಕ್ಕೊಂದು ಹಳೆಯ ದಾರಿಯಿದೆ. 1856ರಲ್ಲಿ ಕೀವ್‌ನಲ್ಲಿ ಹುಟ್ಟಿದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ ತೋರಿಸಿಕೊಟ್ಟದ್ದು. ಒಂದೊಂದು ಬಗೆಯ ಜೀವಿಯನ್ನೂ ಬೇರ್ಪಡಿಸಿ ಬೆಳೆಸುವುದೇ ದೊಡ್ಡ ಸಾಧನೆ ಎನಿಸಿಕೊಂಡಿದ್ದ ಕಾಲದಲ್ಲಿ ಅವರು ಕೆಸರನ್ನು ಕೆಸರಾಗಿಯೇ ಗಾಜಿನೊಳಗಿಟ್ಟು ಗಮನಿಸಿದರು. ಈ ದಾರಿಗೆ ಪ್ರಯೋಗಾಲಯದ ಸಾಮಗ್ರಿ ಏನೂ ಬೇಡ. ಕೆಸರು, ಅದರಲ್ಲಿನ ಜೀವಿಗಳಿಗೆ ಒಂದಿಷ್ಟು ಗಂಧಕ, ಸುಣ್ಣ, ಸೆಲ್ಯುಲೋಸ್ (ಗಿಡದ ನಾರಿನ ಅಂಶ) ಇದ್ದರೆ ಸಾಕು.

ನಮ್ಮದು ಚಳ್ಳಕೆರೆ ತಾಲ್ಲೂಕು, ಶೇಂಗಾ ಬೆಳೆಯುವ ಸೀಮೆ. ಶೇಂಗಾಕ್ಕೆ ಜಿಪ್ಸಮ್ ಹಾಕುವುದು ಇಲ್ಲಿನ ರೈತರಿಗೆ ರೂಢಿ, ಹಾಗಾಗಿ ಗಂಧಕದ ಮೂಲ ಒಬ್ಬ ವಿದ್ಯಾರ್ಥಿಯ ಮನೆಯಿಂದಲೇ ಬಂತು. ಸುಣ್ಣದ ಅಂಶಕ್ಕೆ ಬಿಸಿಯೂಟದ ಮೊಟ್ಟೆಗಳ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿದೆವು. ಸೆಲ್ಯುಲೋಸ್‌ಗೆ ಹಳೆಯ ಉತ್ತರಪತ್ರಿಕೆಗಳನ್ನು ಚೂರು ಮಾಡಿ ನೆನೆಸಿದೆವು. ಕೆಸರನ್ನು ಕೆರೆಯ ಅಂಚಿನಿಂದ ತಂದೆವು. ಮೇಲಿನ ಕಂದು ಪದರವನ್ನು ಸರಿಸಿದರೆ ಕೆಳಗೆ ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆಯ ಕೆಸರು ಸಿಗುತ್ತದೆ, ಬೇಕಾದದ್ದು ಅದೇ. ಒಂದು ಲೀಟರ್ ಬಾಟಲಿಗೆ ಒಂದು ಚಮಚ ಜಿಪ್ಸಮ್, ಒಂದು ಚಮಚ ಸಿಪ್ಪೆಯ ಪುಡಿ, ಒಂದು ಹಿಡಿ ಕಾಗದ. ಇವನ್ನು ಕೆಸರಿನಲ್ಲಿ ಕಲಸಿ ತಳಕ್ಕೆ ತುಂಬಿ, ಮೇಲೆ ಬರಿಯ ಕೆಸರು, ಅದರ ಮೇಲೆ ಎರಡು ಬೆರಳು ಕೆರೆಯ ನೀರು.

ಮೊದಲ ಸಲ ಎರಡು ತಪ್ಪು ಮಾಡಿದೆ. ಮುಚ್ಚಳ ಬಿಗಿದೆ, ಬಾಟಲಿಯನ್ನು ಬಿಸಿಲು ನೇರವಾಗಿ ಬೀಳುವ ಜಗುಲಿಯಲ್ಲಿಟ್ಟೆ. ಹತ್ತು ದಿನದೊಳಗೆ ಅನಿಲ ತುಂಬಿ ಕೆಸರು ಹೆಂಟೆ ಹೆಂಟೆಯಾಗಿ ಮೇಲೆದ್ದಿತು. ಮಧ್ಯಾಹ್ನ ಬಾಟಲಿ ಮುಟ್ಟಲಾಗದಷ್ಟು ಕಾಯುತ್ತಿತ್ತು. ನೀರೆಲ್ಲ ಪಾಚಿಯಾಯಿತೇ ಹೊರತು ಪದರಗಳು ಮೂಡಲೇ ಇಲ್ಲ. ಎರಡನೆಯ ಸಲ ಮುಚ್ಚಳ ಸಡಿಲವಾಗಿಟ್ಟು ಉತ್ತರದ ಕಿಟಕಿಯ ಪಕ್ಕದಲ್ಲಿ ಸಾಲಾಗಿ ನಾಲ್ಕು ಬಾಟಲಿಗಳನ್ನಿಟ್ಟೆವು. ಒಂದು ಪೂರ್ಣ, ಒಂದು ಜಿಪ್ಸಮ್ ಇಲ್ಲದ್ದು, ಒಂದಕ್ಕೆ ಕಪ್ಪು ಬಟ್ಟೆ ಸುತ್ತಿದ್ದು. ನಾಲ್ಕನೆಯದರ ವಿಷಯ ಆಮೇಲೆ ಹೇಳುತ್ತೇನೆ.

ಮೊದಲ ವಾರವೇ ಪೂರ್ಣ ಬಾಟಲಿಯ ತಳ ಕಪ್ಪಾಗತೊಡಗಿತು. ತಳದಲ್ಲಿ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ಆಗ ಗಾಳಿ ಬೇಡದ, ಗಾಳಿ ತಾಗಿದರೆ ಸಾಯುವ ಕ್ಲಾಸ್ಟ್ರಿಡಿಯಂನಂಥವು ಕಾಗದವನ್ನು ಕರಗಿಸಿ ಸಣ್ಣ ಆಮ್ಲಗಳನ್ನು ಹೊರಬಿಡುತ್ತವೆ. ಆ ಎಂಜಲನ್ನು ಉಣ್ಣಲು ಇನ್ನೊಂದು ಗುಂಪು ಕಾದಿರುತ್ತದೆ. ನಾವು ಆಮ್ಲಜನಕವನ್ನು ಉಸಿರಾಡುವ ಹಾಗೆ ಅವು ಜಿಪ್ಸಮ್‌ನಲ್ಲಿರುವ ಸಲ್ಫೇಟ್ ಎಂಬ ಗಂಧಕದ ಸಂಯುಕ್ತವನ್ನು 'ಉಸಿರಾಡಿ' ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಅದು ಕೆಸರಿನ ಕಬ್ಬಿಣಕ್ಕೆ ಸೇರಿದ ಕಡೆಯೆಲ್ಲ ಕಪ್ಪು. ಜಿಪ್ಸಮ್ ಇಲ್ಲದ ಬಾಟಲಿ ಹಾಗೆ ಕಪ್ಪಾಗಲಿಲ್ಲ, ಬೂದುಬಣ್ಣದಲ್ಲೇ ಉಳಿಯಿತು. ಈ ಅನಿಲ ವಿಷಕಾರಿ. ಆದ್ದರಿಂದ ಬಾಟಲಿಗಳನ್ನು ಮುಚ್ಚಿದ ಕೋಣೆಯಲ್ಲಿ ತೆರೆಯಬಾರದು, ಮೂಗಿನ ಹತ್ತಿರ ಒಯ್ಯಬಾರದು. ಮಕ್ಕಳಿಗೆ ಇದನ್ನು ದಿನವೂ ಹೇಳುತ್ತಿದ್ದೆ.

ಆರನೆಯ ವಾರ ಒಂದು ಬೆಳಿಗ್ಗೆ ಗಾಜಿನ ಮೇಲೆ ಕಾಸಗಲದ ನೇರಳೆ ಮಚ್ಚೆ ಕಂಡಿತು. ಇನ್ನೊಂದು ತಿಂಗಳಾಗುವಷ್ಟರಲ್ಲಿ ಅದು ಪಟ್ಟಿಯಾಗಿ ಹರಡಿ, ಅದರ ಕೆಳಗೆ ಮಾಸಲು ಹಸಿರಿನ ಇನ್ನೊಂದು ಪಟ್ಟಿ ಬಂತು. ಇಷ್ಟು ವರ್ಷ ದ್ಯುತಿಸಂಶ್ಲೇಷಣೆಗೆ ನೀರು ಬೇಕು, ಆಮ್ಲಜನಕ ಹೊರಬರುತ್ತದೆ ಎಂದು ಕಲಿಸಿದ್ದೆ. ಈ ನೇರಳೆ ಮತ್ತು ಹಸಿರು ಗಂಧಕ ಬ್ಯಾಕ್ಟೀರಿಯಾಗಳು ನೀರಿನ ಬದಲು ಕೆಳಗಿನವು ಬಿಟ್ಟ ಆ ದುರ್ವಾಸನೆಯ ಅನಿಲವನ್ನೇ ಬಳಸಿ ಬೆಳಕಿನಿಂದ ಆಹಾರ ತಯಾರಿಸುತ್ತವೆ, ಆಮ್ಲಜನಕ ಬಿಡುವುದಿಲ್ಲ. ಹಸಿರಿನವು ಹೆಚ್ಚು ಸಲ್ಫೈಡನ್ನೂ ಕಡಿಮೆ ಬೆಳಕನ್ನೂ ತಾಳಿಕೊಳ್ಳುವುದರಿಂದ ಕೆಳಗೆ, ನೇರಳೆಯವು ಅವುಗಳ ಮೇಲೆ. ಎಲ್ಲಕ್ಕೂ ಮೇಲೆ, ನೀರಿನಲ್ಲಿ, ಆಮ್ಲಜನಕ ಬಿಡುವ ಸಯನೋಬ್ಯಾಕ್ಟೀರಿಯಾ ಮತ್ತು ಪಾಚಿ. ಒಂದು ಗೇಣು ಕೆಸರಿನಲ್ಲಿ ಒಂದರ ವಿಷ ಇನ್ನೊಂದರ ಅನ್ನವಾಗಿತ್ತು. ಕಪ್ಪು ಬಟ್ಟೆ ಬಿಚ್ಚಿದಾಗ ಆ ಬಾಟಲಿಯಲ್ಲಿ ಎರಡು ಪಟ್ಟಿಗಳೂ ಇರಲಿಲ್ಲ, ತಳ ಮಾತ್ರ ಪೂರ್ಣ ಬಾಟಲಿಯ ಹಾಗೆಯೇ ಕಪ್ಪಾಗಿತ್ತು. ಬೆಳಕಿನ ಹಂಗು ಯಾರಿಗಿದೆ, ಯಾರಿಗಿಲ್ಲ ಎಂದು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಈಗ ನಾಲ್ಕನೆಯದು. ಬೇಸಿಗೆಯಲ್ಲಿ ನಮ್ಮ ಕೆರೆ ಬತ್ತಿ ನೆಲ ಬಿರುಕು ಬಿಡುತ್ತದೆ. ಮೇ ತಿಂಗಳ ಆ ಒಣ ಹೆಂಟೆಗಳನ್ನು ಕುಟ್ಟಿ, ಕಾಗದದ ಚೀಲದಲ್ಲಿ ಐದು ತಿಂಗಳು ಕಪಾಟಿನಲ್ಲಿಟ್ಟಿದ್ದೆ. "ಸಾರ್, ಅದು ಸತ್ತ ಮಣ್ಣು" ಎಂದರು ಮಕ್ಕಳು. ಅದಕ್ಕೂ ಅದೇ ಪಾಕ ಹಾಕಿ, ಕುದಿಸಿ ಆರಿಸಿದ ನೀರು ತುಂಬಿದೆವು. ಮೂರು ವಾರ ಏನೂ ಇಲ್ಲ. ನಾಲ್ಕನೆಯ ವಾರ ತಳದಲ್ಲಿ ಕಪ್ಪು ಗೆರೆ ಇಳಿಯಿತು. ಕ್ಲಾಸ್ಟ್ರಿಡಿಯಂಗಳು, ಸಲ್ಫೇಟ್ ಬಳಸುವವುಗಳಲ್ಲಿ ಕೆಲವು, ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಕಗಳಾಗಿ ಮಲಗಿಬಿಡುತ್ತವೆ. ತಿನ್ನುವುದಿಲ್ಲ, ಬೆಳೆಯುವುದಿಲ್ಲ, ನೀರಿಗಾಗಿ ಕಾಯುತ್ತವೆ. ಅದನ್ನು ಕಂಡ ದಿನ ತರಗತಿಯಲ್ಲಿ ಆದ ಗದ್ದಲವನ್ನು ನಾನು ತಡೆಯಲಿಲ್ಲ.

ನೇರಳೆ ಮಾತ್ರ ಮೂರು ತಿಂಗಳು ಕಾದರೂ ಬರಲಿಲ್ಲ. ಗಂಧಕದ ನೇರಳೆ ಬ್ಯಾಕ್ಟೀರಿಯಾಗಳಿಗೆ ಅಂಥ ಬೀಜಕ ಕಟ್ಟುವ ವಿದ್ಯೆ ಇಲ್ಲ. ಕೊನೆಗೆ ಪೂರ್ಣ ಬಾಟಲಿಯ ನೇರಳೆ ಪಟ್ಟಿಯಿಂದ ಒಂದು ಚಮಚ ಕೆಸರು ತೆಗೆದು, ಹೆಪ್ಪು ಹಾಕಿದ ಹಾಗೆ, ಇದಕ್ಕೆ ಸೇರಿಸಿದೆವು. ಇಪ್ಪತ್ತಾರನೆಯ ದಿನ ಗಾಜಿನಾಚೆ ಸಾಸಿವೆಯಷ್ಟು ಬಣ್ಣ ಕಂಡದ್ದು ಆ ಹುಡುಗಿಗೇ. ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆದಳು.