ಟಿವಿ ಕ್ಯಾಬಿನೆಟ್‌ಗೆ ಫ್ಯಾನ್ ಕೂರಿಸಿದ್ದು: ನನ್ನ ಅನುಭವ

ಕಲಬುರಗಿಯ ಬೇಸಿಗೆ ಗೊತ್ತಲ್ವಾ, ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ನಮ್ಮ ಟಿವಿ ಕೆಳಗೆ ಬಾಗಿಲಿರುವ ಪ್ಲೈವುಡ್ ಕ್ಯಾಬಿನೆಟ್ ಇದೆ. ಅದರೊಳಗೆ ವೈಫೈ ರೂಟರ್, ಸೆಟ್ ಟಾಪ್ ಬಾಕ್ಸ್, ಜೊತೆಗೆ ಫೋಟೊ ಬ್ಯಾಕಪ್‌ಗೆ ಇಟ್ಟ ರಾಸ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್. ಮಧ್ಯಾಹ್ನ ಆದರೆ ರೂಟರ್ ಹ್ಯಾಂಗ್. ಪೈ ಚಿಪ್ 80 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ನಮ್ಮದು ಸೆಕೆಯಲ್ಲಿ ಅಲ್ಲೇ ನಿಂತಿರುತ್ತಿತ್ತು.

ರೂಟರ್ ಕೆಳಗಿಡುವ ರೆಡಿಮೇಡ್ ಯುಎಸ್‌ಬಿ ಫ್ಯಾನ್ ಸಿಗುತ್ತವೆ. ತೆರೆದ ಶೆಲ್ಫ್‌ನಲ್ಲಿಟ್ಟವರು ಅದನ್ನೇ ತಗೊಳ್ಳಿ, ಸಾಕು. ಆದರೆ ಬಾಗಿಲು ಮುಚ್ಚಿದ ಕ್ಯಾಬಿನೆಟ್‌ನಲ್ಲಿ ಅದು ಒಳಗಿನ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ ಅಷ್ಟೇ. ಬಿಸಿ ಗಾಳಿ ಹೊರಗೆ ಹೋಗಬೇಕು, ಹೊಸ ಗಾಳಿ ಒಳಗೆ ಬರಬೇಕು, ಎರಡಕ್ಕೂ ದಾರಿ ಬೇಕು.

ಹಾಗಾಗಿ ಕಂಪ್ಯೂಟರ್‌ಗೆ ಹಾಕುವ 120 ಎಂಎಂ, 12 ವೋಲ್ಟ್ ಫ್ಯಾನ್ ತಂದೆ. 40 ಎಂಎಂದು ಚಿಕ್ಕದಾಗಿ ಮುದ್ದಾಗಿರುತ್ತದೆ ನಿಜ, ಆದರೆ ಅಷ್ಟೇ ಗಾಳಿ ತಳ್ಳಲು ಅದು ಜೋರಾಗಿ ತಿರುಗಬೇಕು, ಆ ಕೀರಲು ಸದ್ದು ಟಿವಿ ನೋಡುವಾಗ ಸೊಳ್ಳೆ ಕಿವಿ ಹತ್ತಿರ ಬಂದಂತೆ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿದರೂ ಸಾಕು. ಬಾಲ್ ಬೇರಿಂಗ್ ಇರುವುದನ್ನೇ ಕೇಳಿ, ಸ್ಲೀವ್ ಬೇರಿಂಗ್ ಬಿಸಿಗೆ ಬೇಗ ಸವೆಯುತ್ತದೆ.

ತೂತು ಹಾಕಲು ಕಾರ್ಪೆಂಟರ್ ಕರೆದೆ. "ಇಷ್ಟ್ ಛಲೋ ಪ್ಲೈವುಡ್‌ಗೆ ತೂತ್ ಹಾಕಸ್ತೀರೇನ್ರಿ?" ಅಂದರು ಪಾಪ. ಹಿಂಬದಿಯ ಹಲಗೆಯಲ್ಲಿ, ಮೇಲ್ತುದಿಗೆ ಹತ್ತಿರ ಕೊರೆಸಿದೆ, ಬಿಸಿ ಗಾಳಿ ಸೇರುವುದು ಅಲ್ಲೇ. ಸ್ಕ್ರೂ ತೂತುಗಳ ನಡುವೆ 105 ಎಂಎಂ ಅಂತರ. ಗಾಳಿ ಒಳಬರಲು ಎದುರಿನ ಕಡೆ, ಕೆಳಗೆ ಉದ್ದನೆಯ ಸೀಳು. ಅದು ಚಿಕ್ಕದಾದರೆ ಫ್ಯಾನ್ ಸುಮ್ನೆ ತಿರುಗುತ್ತದೆ, ಗಾಳಿ ಮಾತ್ರ ಸಾಗುವುದಿಲ್ಲ. ಸ್ಟಿಕ್ಕರ್ ಅಂಟಿಸಿದ, ಕಡ್ಡಿಗಳಿರುವ ಕಡೆಯಿಂದ ಗಾಳಿ ಹೊರಬರುತ್ತದೆ, ಆ ಕಡೆ ಗೋಡೆಗೆ ಮುಖ. ಕ್ಯಾಬಿನೆಟ್‌ಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಟ್ಟೆ.

ಕರೆಂಟಿಗೆ ಹಳೆ ರೂಟರ್‌ನ 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್. ಇಂಥ ಫ್ಯಾನ್ ಸಾಮಾನ್ಯವಾಗಿ 0.2 ಆಂಪಿಯರ್ ಆಸುಪಾಸು ಎಳೆಯುತ್ತದೆ, ಹೆದರುವಂಥದ್ದಿಲ್ಲ. ಪ್ಲಸ್, ಮೈನಸ್ ಮಾತ್ರ ಮಲ್ಟಿಮೀಟರ್ ಇಟ್ಟು ನೋಡಿಯೇ ಜೋಡಿಸಿ. ಮೂರು ವೈರಿನ ಫ್ಯಾನ್‌ನಲ್ಲಿ ಕಪ್ಪು ಮೈನಸ್, ನಡುವಿನದು ಪ್ಲಸ್, ಮೂರನೆಯದು ವೇಗ ಅಳೆಯಲು, ಅದನ್ನು ಟೇಪ್ ಸುತ್ತಿ ಬಿಟ್ಟುಬಿಡಿ.

ದಿನವಿಡೀ ಓಡುವುದು ಬೇಡ ಅಂತ ನಡುವೆ, ಬಿಸಿ ನೋಡಿ ತಾನೇ ಆನ್-ಆಫ್ ಮಾಡುವ ಡಬ್ಲ್ಯೂ1209 ಥರ್ಮೋಸ್ಟಾಟ್ ಬೋರ್ಡ್ ಸೇರಿಸಿದೆ. ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಇಷ್ಟವಾದದ್ದು ಇದೇ. ಇದರ ರಿಲೇ ಬರೀ ಸ್ವಿಚ್ ಇದ್ದ ಹಾಗೆ, ತಾನಾಗಿ ಕರೆಂಟ್ ಕೊಡುವುದಿಲ್ಲ. ಅದಕ್ಕೆ 12 ವೋಲ್ಟ್ ಪ್ಲಸ್‌ನಿಂದ ಬೋರ್ಡ್ ಮೇಲೆ ಕೆ0 ಅಂತ ಬರೆದ ರಿಲೇ ತುದಿಗೆ ಒಂದು ತುಂಡು ವೈರ್, ಪಕ್ಕದ ಕೆ1ರಿಂದ ಫ್ಯಾನ್‌ನ ಪ್ಲಸ್‌ಗೆ ಇನ್ನೊಂದು. ಮೋಡ್ 'ಸಿ'ನಲ್ಲಿರಬೇಕು (ತಂಪು ಮಾಡಲು), 'ಎಚ್' ಹೀಟರ್‌ಗೆ. 40 ಡಿಗ್ರಿ ದಾಟಿದರೆ ಶುರು, 2 ಡಿಗ್ರಿ ಇಳಿದರೆ ಬಂದ್. ಸೆನ್ಸರ್ ಅನ್ನು ರೂಟರ್ ಮೈಗೆ ಅಂಟಿಸದೆ ಮೇಲ್ಭಾಗದ ಗಾಳಿಯಲ್ಲಿ ತೂಗುಬಿಟ್ಟೆ.

ಈಗ ಮೇ ಮಧ್ಯಾಹ್ನದಲ್ಲೂ ಪೈ 65ರ ಒಳಗೇ ಇರುತ್ತದೆ, ರೂಟರ್ ಹ್ಯಾಂಗ್ ಆಗುವುದು ನಿಂತಿದೆ. ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಯಾವ ಫ್ಯಾನಿಗೂ ಆಗುವುದಿಲ್ಲ, ಆ ಆಸೆ ಬೇಡ. ಕೆಳಗಿನ ಸೀಳಿಗೆ ಸೊಳ್ಳೆ ಪರದೆಯ ಮೆಶ್ ಹಾಕಿದ್ದೇನೆ. ನಮ್ಮ ಕಡೆ ಧೂಳು ಜಾಸ್ತಿ, ತಿಂಗಳಿಗೊಮ್ಮೆ ಬ್ರಷ್‌ನಲ್ಲಿ ಉಜ್ಜಲೇಬೇಕು.