ಮರ್ಲಿನ್ ಚಿತ್ರಕ್ಕೆ ಬೆಲೆ ಕಟ್ಟಿದ್ದು

ಕಲಾಕೃತಿಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಕಳೆದ ಚಳಿಗಾಲದಲ್ಲಿ ನ್ಯೂಜೆರ್ಸಿಯ ಕನ್ನಡದ ದಂಪತಿ ಫೋನ್ ಮಾಡಿದರು. "ಸರ್, ಮನೇಲಿ ಒಂದು ಪೇಂಟಿಂಗ್ ಇದೆ, ಇನ್ಶೂರೆನ್ಸ್‌ಗೆ ಬೆಲೆ ಬರೆದುಕೊಡ್ತೀರಾ?"

ಹೋದೆ. ಗೋಡೆ ಮೇಲೆ ಮೂರಡಿ ಚೌಕದ ಹಾಲಿವುಡ್ ನಟಿ ಮರ್ಲಿನ್ ಮನ್ರೋ ಚಿತ್ರ. ಗುಲಾಬಿ ಮುಖ, ಹಳದಿ ಕೂದಲು, ಕಡುಕೆಂಪು ತುಟಿ. ಸಿನಿಮಾ, ಜಾಹೀರಾತಿನ ಚಿತ್ರಗಳನ್ನೇ ಗಾಢ ಬಣ್ಣದಲ್ಲಿ ಬಳಸುವ ಪಾಪ್ ಶೈಲಿಯ ಈಗಿನ ಕಲಾವಿದರೊಬ್ಬರದು. ಕ್ರೂಸ್ ಹಡಗಿನ ಹರಾಜಿನಲ್ಲಿ 6,800 ಡಾಲರ್ ಕೊಟ್ಟಿದ್ದರು. ಜೊತೆಗೆ 9,500 ಅಂತ ಅಚ್ಚು ಹಾಕಿದ ಸರ್ಟಿಫಿಕೇಟು ಬೇರೆ.

ನಾನು ಯಾವಾಗಲೂ ಮೊದಲು ನೋಡುವುದು ಚಿತ್ರದ ಬೆನ್ನು. ಆದರೆ ಅವತ್ತು ಕಾಫಿ, ಕೋಡುಬಳೆ ಬಂತು, ಕೂತಲ್ಲಿಂದಲೇ ಮುಂಭಾಗ ನೋಡಿದೆ. ಕುಂಚದ ಗೆರೆಗಳು ಎದ್ದು ಕಾಣುತ್ತಿದ್ದವು. 'ಕ್ಯಾನ್ವಾಸ್ ಮೇಲೆ ಅಕ್ರಿಲಿಕ್' (ಅಂದರೆ ಕೈಯಿಂದ ಬಣ್ಣ ಬಳಿದದ್ದು) ಅಂತ ಬರೆದೇಬಿಟ್ಟೆ.

ಆಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟೆ. ಒಂದು ಉಬ್ಬುಗೆರೆ ಕೆನ್ನೆಯಿಂದ ಶುರುವಾಗಿ ತುಟಿ ದಾಟಿ ಗಲ್ಲದವರೆಗೆ ಒಂದೇ ಎಳೆತಕ್ಕೆ ಹೋಗಿತ್ತು. ಆದರೆ ಬಣ್ಣ ಒಂಚೂರೂ ಕದಡಿರಲಿಲ್ಲ. ನಿಜವಾದ ಕುಂಚವಾಗಿದ್ದರೆ ಗುಲಾಬಿ ಕೆಂಪಿಗೆ ಎಳೆದುಕೊಂಡು ಬರಬೇಕಲ್ವಾ? ಲೂಪ್ (ಕಣ್ಣಿಗಿಡುವ ಸಣ್ಣ ಭೂತಗನ್ನಡಿ) ಇಟ್ಟೆ. ನೀಲಿ, ಗುಲಾಬಿ, ಹಳದಿ ಸಣ್ಣ ಚುಕ್ಕೆಗಳು. ಇಂಕ್‌ಜೆಟ್ ಪ್ರಿಂಟು, ಅದರ ಮೇಲೆ ಪಾರದರ್ಶಕ ಜೆಲ್ ಸವರಿದ್ದಾರೆ ಅಷ್ಟೆ. ಚೌಕಟ್ಟಿನ ಮೂಲೆಯ ಮಡಿಕೆಯಲ್ಲಿ ಇಂಕು ಬಿರುಕು ಬಿಟ್ಟು ಬಿಳಿ ಬಟ್ಟೆ ಕಾಣುತ್ತಿತ್ತು. ಚಿತ್ರ ತಿರುಗಿಸಿದರೆ ಪೆನ್ಸಿಲಿನಲ್ಲಿ 112/195, ಅಂದರೆ 195 ಪ್ರತಿಗಳ ಎಡಿಷನ್ನಿನಲ್ಲಿ 112ನೆಯದು. ಇದನ್ನು ಮೊದಲೇ ನೋಡಿದ್ದರೆ ಇಷ್ಟು ಕಸರತ್ತು ಬೇಕಿರಲಿಲ್ಲ.

"2022ರಲ್ಲಿ ಮರ್ಲಿನ್ ಚಿತ್ರ 195 ಮಿಲಿಯನ್ ಡಾಲರ್‌ಗೆ ಹೋಯ್ತಲ್ಲ ಸರ್" ಅಂದರು ಗಂಡ. ಹೋಗಿದ್ದು ನಿಜ, ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ. ಅದು ಅಮೆರಿಕದ ಹೆಸರಾಂತ ಪಾಪ್ ಕಲಾವಿದ ಆಂಡಿ ವಾರ್ಹೋಲ್ 1964ರಲ್ಲಿ ಮಾಡಿದ್ದು. ಬೆಲೆ ಬಂದಿದ್ದು ಕಲಾವಿದನ ಕೈಗೆ, ಮರ್ಲಿನ್ ಮುಖಕ್ಕಲ್ಲ. ವಾರ್ಹೋಲ್‌ರ 1967ರ ಮರ್ಲಿನ್ ಪ್ರಿಂಟುಗಳನ್ನೇ ನೋಡಿ: ಒಂದೊಂದು ಬೇರೆ ಬಣ್ಣದ ಹತ್ತು ಪ್ರಿಂಟುಗಳ 250 ಸೆಟ್, ಬೆನ್ನಿಗೆ ಸಹಿ, ನಂಬರಿನ ಮೊಹರು. ಅದೇ ಮುಖ, ಅದೇ ಮೂರಡಿ, 'ಸಂಡೇ ಬಿ. ಮಾರ್ನಿಂಗ್' ಅನ್ನುವ ಪ್ರಕಾಶಕರ ಹೆಸರಿನಲ್ಲೂ ಸಿಗುತ್ತದೆ. ಅದರ ಬೆನ್ನಿಗೆ 'ಸಹಿ ನೀವೇ ಹಾಕಿಕೊಳ್ಳಿ' ಅನ್ನುವ ಅರ್ಥದ ಮೊಹರು! ಎರಡರ ಬೆಲೆಗೂ ಅಜಗಜಾಂತರ.

ಹೋಲಿಕೆಗೆ ಈ ದಂಪತಿಯ ಚಿತ್ರ ಮಾಡಿದ ಕಲಾವಿದರ, ಅದೇ ಅಳತೆಯ, ಜೆಲ್ ಸವರಿದ ಪ್ರಿಂಟುಗಳ ಹರಾಜು ದಾಖಲೆ ಹುಡುಕಿದೆ. ಹರಾಜು ಸಂಸ್ಥೆಯ ಕಮಿಷನ್ ಸೇರಿದ ಬೆಲೆಯನ್ನೂ ಸೇರದ ಬೆಲೆಯನ್ನೂ ಬೆರೆಸದಂತೆ ನೋಡಿಕೊಂಡೆ. 400ರಿಂದ 900 ಡಾಲರ್. ಆದರೆ ಅದೇ ಎಡಿಷನ್ನಿನ ಇನ್ನೊಂದು ಪ್ರತಿ ಒಂದು ಗ್ಯಾಲರಿಯಲ್ಲಿ ಇನ್ನೂ 4,200ಕ್ಕೆ ಮಾರಾಟವಾಗುತ್ತಿತ್ತು.

"ಒಂದೇ ಚಿತ್ರಕ್ಕೆ ಎರಡು ಬೆಲೆನಾ?" ಅಂದರು ಹೆಂಡತಿ. ಹೌದಮ್ಮ. ಕಳೆದುಹೋದರೆ ಇನ್ನೊಂದನ್ನು ಅಂಗಡಿಯಿಂದ ತರಲು 4,200, ಇನ್ಶೂರೆನ್ಸ್‌ಗೆ ಅದು. ನಾಳೆ ಮಾರಲು ಹೊರಟರೆ ಸುಮಾರು 700. ಗಂಡನ ಮುಖ ಸಣ್ಣಗಾಯಿತು. ಬೆಲೆ ಕಮ್ಮಿ ಅಂತ ಫೀಸೂ ಕಮ್ಮಿ ಆಗುತ್ತಾ ಅಂತ ಕೇಳಿದರು. ಇಲ್ಲ, ನಮ್ಮದು ಗಂಟೆ ಲೆಕ್ಕ. ಬೆಲೆಯ ಮೇಲೆ ಶೇಕಡಾ ತಗೊಂಡರೆ ಯಾರು ತಾನೇ ಕಮ್ಮಿ ಬರೀತಾರೆ?

'ಅಕ್ರಿಲಿಕ್' ಹೊಡೆದುಹಾಕಿ ವರದಿ ತಿದ್ದಿದೆ. ಬಿಸಿಲಿಗೆ ಬಣ್ಣ ಮಾಸುತ್ತದೆ ಅಂತಲೂ ಹೇಳಿ ಬಂದೆ. ವಾರದ ಮೇಲೆ ಅವರ ಮನೆಯಿಂದ ಫೋಟೋ ಬಂತು. ಮರ್ಲಿನ್ ಅಲ್ಲೇ ಇದ್ದಳು, ಎದುರಿನ ಕಿಟಕಿಗೆ ದಪ್ಪ ಪರದೆ ಬಂದಿತ್ತು.